ಪಿಸಿಎಂಬಿಗೆ ಕರಿಯಮ್ಮನ ಅಪ್ಪಣೆ

ನಮ್ಮ ಮನೆಯಲ್ಲಿ ಯಾವ ವಿಷಯವನ್ನೂ ಮನುಷ್ಯರು ತೀರ್ಮಾನ ಮಾಡುವುದಿಲ್ಲ. ಬೋರು ಎಲ್ಲಿ ಕೊರೆಸಬೇಕು, ಅತ್ತೆಯನ್ನು ಯಾವ ಊರಿಗೆ ಕೊಡಬೇಕು, ಕುರಿಹಟ್ಟಿಗೆ ತಗಡು ಹಾಕಬೇಕೋ ಗರಿ ಹೊದಿಸಬೇಕೋ, ಎಲ್ಲವನ್ನೂ ಕೆರೆ ಏರಿಯ ದೇವರು ಕರಿಯಮ್ಮನೇ ಹೇಳಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಪಿಯುಸಿಯಲ್ಲಿ ಏನು ಓದಬೇಕು ಅನ್ನುವುದನ್ನೂ ಅಮ್ಮನೇ ಹೇಳಲಿ ಎಂದು ತಾತ ಚಿತ್ರಲಿಂಗಪ್ಪ ಅಂದಾಗ ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಕರಿಯಮ್ಮ ಎಷ್ಟನೇ ಕ್ಲಾಸ್ ಓದವ್ಳೆ ಎಂದು ಕೇಳಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡೆ.

ಅಮ್ಮ ಎಂದರೆ ನಮ್ಮಲ್ಲಿ ದೇವರೇ. ಹೆತ್ತವಳನ್ನು ನಾನು ಅವ್ವ ಅನ್ನುತ್ತೇನೆ. ಅವ್ವನನ್ನು ಈ ವಿಷಯದಲ್ಲಿ ಯಾರೂ ಏನೂ ಕೇಳಲಿಲ್ಲ, ಅವಳು ಕುರಿ ಹೊಡೆದುಕೊಂಡು ಹೋಗಿದ್ದಳು.

ನನಗೆ ಬೇಕಾಗಿದ್ದದ್ದು ಹಲ್ಲಿನ ಡಾಕ್ಟರಾಗುವುದು. ಅದಕ್ಕೆ ಮುಂದೆ ನೀಟ್ ಬರೆಯಬೇಕು, ನೀಟ್ ಬರೆಯಲು ಬಯಾಲಜಿ ಓದಿರಬೇಕು, ಬಯಾಲಜಿ ಓದಬೇಕೆಂದರೆ ಈಗ ಪಿಸಿಎಂಬಿ ತೆಗೆದುಕೊಳ್ಳಬೇಕು. ಇಷ್ಟು ಸಲೀಸಾದ ಮಾತು. ಯಾಕೆ ಹಲ್ಲು ಎಂದು ಕೇಳಿದರೆ ಅದಕ್ಕೆ ನಮ್ಮಪ್ಪ ಕನಕರಾಜನೇ ಕಾರಣ. ಕುರಿಯ ವಯಸ್ಸು ತಿಳಿಯಬೇಕಾದರೆ ಬಾಯಿ ಬಿಡಿಸಿ ಹಲ್ಲು ನೋಡಬೇಕು. ಸಂತೆಯಲ್ಲಿ ಅಪ್ಪ ಕುರಿಯ ಕತ್ತು ಹಿಡಿದರೆ ತುಟಿ ಬಿಡಿಸುವವಳು ನಾನು. ಆ ಚಟ ಮೆಲ್ಲಗೆ ಮನುಷ್ಯರಿಗೂ ಹಬ್ಬಿತು. ಯಾರು ಮಾತಾಡಿದರೂ ನನ್ನ ಕಣ್ಣು ಅವರ ಬಾಯೊಳಗೆ ಹೋಗಿ ಕೂರುತ್ತದೆ. ನಮ್ಮ ಕನ್ನಡ ಮೇಷ್ಟ್ರು ಹಳೆಗನ್ನಡ ಓದುವಾಗಲೆಲ್ಲ ನಾನು ಅವರ ಕೋರೆಹಲ್ಲಿನ ಪಕ್ಕದ ಹುಳುಕನ್ನೇ ನೋಡುತ್ತಾ ಮರುಗುತ್ತಿದ್ದೆ. ಅದನ್ನು ನಾನೇ ಸರಿಮಾಡಬೇಕು ಎಂದು ಕೈ ತುರಿಸುತ್ತಿತ್ತು.

ಅಪ್ಪ ಒಪ್ಪಲಿಲ್ಲ. "ಕುರಿ ಬಾಯಿ ನೋಡಿ ನೋಡಿ ಸಾಕಾಗೈತೆ ನಂಗೆ. ನನ್ ಮಗಳು ಬಾಯಿ ಇಲ್ದೇ ಇರೋದನ್ನ ಓದ್ಲಿ. ಕಂಪ್ಯೂಟರ್‌ಗೆ ಬಾಯಿಲ್ಲ, ವಾಸನೆ ಇಲ್ಲ, ಕಚ್ಚಲ್ಲ," ಅಂದ. ಅಂದರೆ ಪಿಸಿಎಂಸಿ, ಬಯಾಲಜಿ ಇರುವ ಜಾಗದಲ್ಲಿ ಕಂಪ್ಯೂಟರ್. ಅಜ್ಜಿ ಏಕನಾಥಮ್ಮನದು ಮೂರನೆಯ ದಾರಿ. ಆರ್ಟ್ಸ್ ಓದುವ ಹುಡುಗಿಯರು ಮಧ್ಯಾಹ್ನದ ಬಸ್ಸಿಗೇ ವಾಪಸ್ಸು ಬರುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಬಿಸಿ ಊಟಕ್ಕೆ ಸರಿಯಾಗಿ ಮನೆ ಸೇರುವ ವಿದ್ಯೆಯೇ ವಿದ್ಯೆ ಎಂದು ಅವಳ ವಾದ.

ಹೊಸದುರ್ಗದ ಕಾಲೇಜಿನಲ್ಲಿ ಅಡ್ಮಿಷನ್‌ಗೆ ಬುಧವಾರ ಕೊನೆಯ ದಿನ. ಮಂಗಳವಾರ ಬೆಳಿಗ್ಗೆ ನಾವೆಲ್ಲ ಕರಿಯಮ್ಮನ ಗುಡಿಯಲ್ಲಿದ್ದೆವು. ಮಾಡದಕೆರೆ ಕಡೆ ಹೋಗುವ ರಸ್ತೆಗೆ ಅಂಟಿಕೊಂಡ ನಮ್ಮ ಊರಿನ ಕೆರೆ ಏರಿಯ ಮೇಲೆ ಆ ಗುಡಿ ಇದೆ.

ನಮ್ಮ ಅಮ್ಮ ಬಾಯಿ ಬಿಟ್ಟು ಮಾತಾಡುವುದಿಲ್ಲ, ನಡೆದು ಹೇಳುತ್ತಾಳೆ. ಬೆಳ್ಳಿ ಮುಖದ ಮೂರ್ತಿಯನ್ನು ಎರಡು ಉದ್ದನೆಯ ಮರಗಳ ನಡುವೆ ಕೂರಿಸಿರುತ್ತಾರೆ, ಇದಕ್ಕೆ ಅಡ್ಡೆ ಅನ್ನುತ್ತಾರೆ. ಮುಂದೆ ಒಬ್ಬ, ಹಿಂದೆ ಒಬ್ಬ ಹೆಗಲು ಕೊಡಬೇಕು. ಕೇಳಿದ ಪ್ರಶ್ನೆಗೆ ಅಡ್ಡೆ ಮುಂದಕ್ಕೆ ಬಂದರೆ ಹೌದು, ಹಿಂದಕ್ಕೆ ಸರಿದರೆ ಇಲ್ಲ. ಎರಡು ಮೂರು ದಾರಿಗಳಿದ್ದರೆ ಒಂದೊಂದಕ್ಕೂ ಒಂದೊಂದು ಎಲೆ ಹಾಕಿ ಗುರುತು ಇಡಬೇಕು. ಅಮ್ಮ ಬಗ್ಗಿ ಯಾವುದನ್ನು ಮುಟ್ಟುತ್ತಾಳೋ ಅದೇ ಅಪ್ಪಣೆ. ಹೊರುವವರು ಉಪವಾಸವಿರಬೇಕು, ಪ್ರಶ್ನೆ ಯಾರದೋ ಅವರೂ ಉಪವಾಸವಿರಬೇಕು. ಹೊರುವವರು ತಾವಾಗಿ ಏನೂ ಮಾಡುವುದಿಲ್ಲ, ಅಮ್ಮ ಎಳೆದ ಕಡೆ ಹೋಗುತ್ತಾರೆ. ಹಾಗಂತ ಅವರೇ ಹೇಳುತ್ತಾರೆ.

ಮುಂದಿನ ಹೆಗಲು ನಮ್ಮೂರಿನ ಗಂಗಾಧರಪ್ಪ ಮಾವನ ಮನೆತನದ್ದು. ಹಿಂದಿನ ಹೆಗಲು ನಮ್ಮದು, ಅಂದರೆ ಅಪ್ಪನದು. ಪಿಸಿಎಂಸಿ ಬೇಕು ಅನ್ನುವವನೇ ದೇವರನ್ನು ಹೊತ್ತರೆ ನ್ಯಾಯವೇ ಎಂದು ನಾನು ತಾತನನ್ನು ಕೇಳಿದೆ. "ಹೊರೋನಿಗೂ ಅಮ್ಮನಿಗೂ ಏನೇ ಸಂಬಂಧ, ಸುಮ್ನಿರು," ಅಂದ ತಾತ.

ಎಲೆಗಳ ಮೇಲೆ ಗುರುತು ಇಟ್ಟೆವು. ನನ್ನದು ಪೊಟ್ಟಣ ಬಿಚ್ಚದ ಹೊಸ ಟೂತ್ ಬ್ರಷ್. ಅಪ್ಪನದು ಹರೀಶನ ಸೈಬರ್ ಅಂಗಡಿಯಿಂದ ತಂದ ಕೆಟ್ಟುಹೋದ ಮೌಸ್. ಅಜ್ಜಿಯದು ಊಟದ ಡಬ್ಬಿ, ಅದೂ ಖಾಲಿ ಇಡಬಾರದೆಂದು ಒಳಗೆ ಒಂದು ರೊಟ್ಟಿ. ಪೂಜೆಯಾಯಿತು, ಉರುಮೆ ಬಡಿದರು, ಇಬ್ಬರೂ ಹೆಗಲು ಕೊಟ್ಟರು.

ನಾನು ಮಾವನ ಮುಖ ನೋಡಿದೆ. ಟವೆಲ್ಲನ್ನು ತಲೆಯಿಂದ ಗದ್ದದವರೆಗೆ ಸುತ್ತಿ ಕಟ್ಟಿಕೊಂಡಿದ್ದ. ನೆರೆದವರು ಎಂಥ ಭಕ್ತಿ ಎಂದು ಮಾತಾಡಿಕೊಂಡರು. ನನಗೆ ಕಂಡದ್ದು ಬೇರೆ. ಟವೆಲ್ಲಿನ ಒಳಗೆ ಬಲಗೆನ್ನೆ ಬನ್ನಿನ ಹಾಗೆ ಉಬ್ಬಿತ್ತು. ದವಡೆ ಹಲ್ಲಿನ ಬುಡದಲ್ಲಿ ಕೀವಾಗಿದೆ ಎಂದು ನಾನು ನೋಡಿಯೇ ಹೇಳಬಲ್ಲವಳಾಗಿದ್ದೆ. ಮೈ ಸರಿಯಿಲ್ಲದವನು ಅಡ್ಡೆ ಹೊರುವ ಹಾಗಿಲ್ಲ, ಒಮ್ಮೆ ಬಿಟ್ಟರೆ ಆ ಹೆಗಲು ತಮ್ಮನ ಪಾಲಾಗುತ್ತದೆ. ಅದಕ್ಕೇ ಪಾಪ ಹಲ್ಲು ಕಚ್ಚಿಕೊಂಡು ಬಂದಿದ್ದ. ಕಚ್ಚಲೂ ಆಗುತ್ತಿರಲಿಲ್ಲ.

ತಾತ ಕೈಮುಗಿದು ಕೇಳಿದ, "ತಾಯಿ, ಹುಡುಗಿ ಯಾವ್ದು ಓದ್ಬೇಕು, ತೋರ್ಸು."

ಅಡ್ಡೆ ಅಲುಗಿತು. ಹಿಂದಿನಿಂದ ಅದು ಮೌಸಿನ ಕಡೆಗೆ ವಾಲಿದ್ದು ನನ್ನ ಕಣ್ಣಿಗೆ ಬಿತ್ತು. ಅಪ್ಪನ ಮುಖದಲ್ಲಿ ಏನೂ ಗೊತ್ತಿಲ್ಲದವನ ಕಳೆ. ಆದರೆ ಮುಂದಿನ ತುದಿ ಬಗ್ಗಲಿಲ್ಲ. ಬಗ್ಗಿದರೆ ದವಡೆಗೆ ರಕ್ತ ನುಗ್ಗಿ ಜೀವ ಹೋಗುವಂತಾಗುತ್ತದೆ, ಮಾವ ಹೇಗೆ ಬಗ್ಗುತ್ತಾನೆ? ಎಳೆದಾಟದಲ್ಲಿ ಮರ ಅವನ ಕೆನ್ನೆಗೆ ತಾಗಿರಬೇಕು. ಒಮ್ಮೆಲೇ ಅಡ್ಡೆ ಗಿರಕಿ ಹೊಡೆದು, ಮೂರೂ ಎಲೆಗಳನ್ನು ತುಳಿದುಕೊಂಡು, ಗುಡಿಯಿಂದ ಆಚೆ ಹೊರಟಿತು.

ಹೊಸ್ತಿಲು ದಾಟಿದ ಅಮ್ಮನನ್ನು ಎಲ್ಲಿಗೆ ಎಂದು ಕೇಳಬಾರದು. ಹಿಂದೆ ಹೋಗಬೇಕು, ಅಷ್ಟೆ. ಉರುಮೆಯವರು, ತಾತ, ಅಜ್ಜಿ, ನಾನು, ಅರ್ಧ ಊರು, ಎಲ್ಲ ಹಿಂಬಾಲಿಸಿದೆವು. ಅಮ್ಮ ಏರಿ ಇಳಿದು ಟಾರು ರಸ್ತೆಗೆ ಬಂದಳು, ರಸ್ತೆಗೆ ಬಂದು ಹೊಸದುರ್ಗದ ಕಡೆ ತಿರುಗಿದಳು. ಅಷ್ಟರಲ್ಲಿ ಸರ್ಕಾರಿ ಬಸ್ಸು ಬಂತು. ಅಮ್ಮ ರಸ್ತೆಯ ನಡುವೆ ನಿಂತಳು. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ. ಅಮ್ಮ ಬಾಗಿಲಿಗೆ ಹೋಗಿ ಹತ್ತಿದಳು.

ಅಡ್ಡೆಯ ಮರಗಳು ಡ್ರೈವರ್ ಸೀಟಿನಿಂದ ನಡುವಿನ ಸೀಟುಗಳವರೆಗೆ ಚಾಚಿಕೊಂಡವು. ಕೂತಿದ್ದವರು ಕಾಲು ಮಡಚಿಕೊಂಡು ಕೈಮುಗಿದರು. ಕಂಡಕ್ಟರ್ ಟಿಕೆಟ್ ಕೊಡುತ್ತಾ ಬಂದು ಅಮ್ಮನ ಹತ್ತಿರ ತಡೆದು ನಿಂತ.

"ಇದಕ್ಕೆ ಲಗೇಜ್ ಹರೀಬೇಕು," ಅಂದ.

ಬಸ್ಸೆಲ್ಲ ಅವನನ್ನು ದುರುಗುಟ್ಟಿ ನೋಡಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಲಗೇಜಾ? ಹೆಂಗಸು ಕಣಪ್ಪ ಅಮ್ಮ. ಹೆಂಗಸ್ರಿಗೆ ಬಸ್ ಪುಕ್ಕಟೆ ಅಲ್ವಾ."

"ಹಂಗಾದ್ರೆ ಆಧಾರ್ ತೋರ್ಸ್ರಿ. ಇಲ್ದಿದ್ರೆ ಜೀರೋ ಟಿಕೆಟ್ ಕೊಡಕ್ಕಾಗಲ್ಲ."

"ಬೆಳ್ಳಿ ಕೈಯಿಗೆ ಬೆರಳಚ್ಚು ಎಲ್ಲಿಂದ ಬರ್ಬೇಕು, ಯಾರು ಮಾಡ್ಕೊಡ್ತಾರೆ ಆಧಾರ್‌ನ," ಎಂದು ತಾತ ಬೇಜಾರಿನಿಂದ ಹೇಳಿದ. ಅವನು ಅದನ್ನು ಹಿಂದೆಯೇ ಯೋಚಿಸಿದ್ದ ಹಾಗಿತ್ತು.

ಕಂಡಕ್ಟರ್ ತಲೆ ಕೆರೆದುಕೊಂಡ. ಚೆಕಿಂಗ್‌ನವರು ಬಂದರೆ ಏನು ಹೇಳಲಿ ಎಂದು ಗೊಣಗಿದ. ಕೊನೆಗೆ ನನ್ನ ಆಧಾರ್ ಕಾರ್ಡ್ ನೋಡಿ ಎರಡು ಟಿಕೆಟ್ ಹರಿದ, ಒಂದನ್ನು ನನಗೆ ಕೊಟ್ಟ, ಇನ್ನೊಂದನ್ನು ಅಮ್ಮನ ಹೂವಿನ ಹಾರಕ್ಕೆ ಸಿಕ್ಕಿಸಿ ಕಣ್ಣಿಗೊತ್ತಿಕೊಂಡ. ಗಂಡಸರಿಂದೆಲ್ಲ ದುಡ್ಡು ಕಿತ್ತುಕೊಂಡೇ ಬಿಟ್ಟ.

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಅಮ್ಮ ಹಣ್ಣಿನ ಅಂಗಡಿ ನೋಡಲಿಲ್ಲ, ಬೇರೆ ಗುಡಿಯ ಕಡೆ ತಿರುಗಲಿಲ್ಲ. ನಮ್ಮ ಊರಿನವರಿಗೆ ಹೊಟ್ಟೆ ಚುರುಗುಟ್ಟಿ, ಒಬ್ಬೊಬ್ಬರೇ ಮಂಡಕ್ಕಿ ಮೆಣಸಿನಕಾಯಿ ಗಾಡಿಯ ಹತ್ತಿರ ನಿಂತು ತಿಂದು ಓಡೋಡಿ ಬಂದು ಸೇರಿಕೊಳ್ಳುತ್ತಿದ್ದರು. ಅಜ್ಜಿಯೂ ತಿಂದಳು. ತಾತನಂತೂ ಎರಡನೇ ಪೊಟ್ಟಣ ಕಟ್ಟಿಸಿಕೊಂಡೇ ನಡೆದ. ನಾನು ಉಪವಾಸ, ಬಾಯಲ್ಲಿ ನೀರೂರಿಸಿಕೊಂಡು ನಡೆದೆ. ಅಮ್ಮ ಒಂದು ಮೆಡಿಕಲ್ ಸ್ಟೋರ್ ಪಕ್ಕದ ಮೆಟ್ಟಿಲ ಹತ್ತಿರ ನಿಂತಳು. ಮೇಲೆ ಬೋರ್ಡಿತ್ತು: ಡಾ. ಶೋಭಾರಾಣಿ, ದಂತ ಚಿಕಿತ್ಸಾಲಯ.

ಮಾವನ ಹಲ್ಲುನೋವು ಕರೆದು ತಂದಿದೆ ಎಂದು ಗೊತ್ತಿದ್ದೂ ನನ್ನ ಕೈ ತಾನಾಗಿಯೇ ಮುಗಿದುಕೊಂಡಿತು.

ಮೆಟ್ಟಿಲ ತಿರುವಿನಲ್ಲಿ ಅಡ್ಡೆ ಸಿಕ್ಕಿಹಾಕಿಕೊಂಡಿತು. ಮುಂದೆ ಹೋಗದು, ಹಿಂದೆ ಬಾರದು. ಅಮ್ಮನಿಗೆ ಇಷ್ಟವಿಲ್ಲ ಎಂದು ಅಪ್ಪ ಕೆಳಗಿನಿಂದ ಕೂಗಿದ. ಮೇಲಿನಿಂದ ಮಾವ ನರಳಿದ. ಮರ ಮೇಲೆತ್ತಿ, ಓರೆ ಮಾಡಿ, ಕಬ್ಬಿಣದ ಬೀರು ಸಾಗಿಸುವವರ ಹಾಗೆ ಅಂತೂ ಹತ್ತಿಸಿದರು.

ಒಳಗೆ ಟೇಬಲ್ಲಿನ ಹಿಂದೆ ಕೂತಿದ್ದ ಸುಮಾ ಎಂಬ ಹುಡುಗಿ ತಲೆ ಎತ್ತದೆ, "ಪೇಷೆಂಟ್ ಹೆಸರು?" ಅಂದಳು.

"ಕರಿಯಮ್ಮ," ಅಂದ ತಾತ.

"ವಯಸ್ಸು?"

"ಯಾರಿಗ್ಗೊತ್ತು ತಾಯಿ. ನಮ್ ತಾತನ ಕಾಲ್ದಾಗೂ ಇಂಗೇ ಇದ್ಲಂತೆ."

ಸುಮಾ ತಲೆ ಎತ್ತಿದಳು, ನೋಡಿದಳು, ಚಪ್ಪಲಿ ಬಿಟ್ಟು ಎದ್ದು ನಿಂತಳು. ಒಳಗಿನಿಂದ ಡಾಕ್ಟರ್ ಬಂದರು. ಹಿರಿಯೂರಿನ ಕಡೆಯವರು, ಎತ್ತರದ ಹೆಂಗಸು, ಮಾಸ್ಕ್ ಗದ್ದಕ್ಕೆ ಇಳಿಸಿದ್ದರು. ಮುಂದಿನ ಹಲ್ಲುಗಳು ಎಷ್ಟು ನೇರವಾಗಿದ್ದವೆಂದರೆ ನಾನು ಒಂದು ಗಳಿಗೆ ಬಂದ ವಿಷಯವನ್ನೇ ಮರೆತೆ.

"ಏನ್ರಿ ಇದು?"

ಅಷ್ಟರಲ್ಲಿ ಮಾವನ ಹೆಗಲಿನಿಂದ ಮರ ಜಾರತೊಡಗಿತ್ತು. ಅಮ್ಮನನ್ನು ನೆಲಕ್ಕೆ ತಾಗಿಸುವಂತಿಲ್ಲ, ಎತ್ತರದ ಪೀಠವೇ ಬೇಕು. ಇಡೀ ಕೋಣೆಯಲ್ಲಿ ಪೀಠದ ಹಾಗೆ ಇದ್ದದ್ದು ಒಂದೇ, ಆ ಹಸಿರು ರೆಕ್ಸಿನ್ನಿನ ದೊಡ್ಡ ಕುರ್ಚಿ. ಅಜ್ಜಿ ತನ್ನ ಸೆರಗಿನಿಂದ ಅದನ್ನು ಒರೆಸಿದಳು.

"ಪೇಷೆಂಟ್ ಬಿಟ್ಟು ಅದರ ಮೇಲೆ ಯಾರೂ ಕೂರೋ ಹಂಗಿಲ್ಲ," ಅಂದರು ಡಾಕ್ಟರ್.

"ಪೇಷೆಂಟೇ ಅಂದ್ಕಳ್ರಿ ಮೇಡಮ್ಮೋರೆ," ಅಂದಳು ಅಜ್ಜಿ. ಇಬ್ಬರೂ ಅಮ್ಮನನ್ನು ಇಳಿಸಿಬಿಟ್ಟರು. ಇಳಿಸುವಾಗ ಅಪ್ಪನ ಪಾದ ಯಾವುದೋ ಪೆಡಲಿನ ಮೇಲೆ ಬಿತ್ತು. ಗುಂಯ್ ಎಂದು ಕುರ್ಚಿ ಹಿಂದಕ್ಕೆ ಮಲಗಿತು, ಅಮ್ಮ ಅಂಗಾತವಾಗಿ ಮೇಲೆ ನೋಡತೊಡಗಿದಳು. ಗಾಬರಿಯಲ್ಲಿ ಸುಮಾಳ ಕೈ ಸ್ವಿಚ್ಚಿಗೆ ತಾಗಿ ತಲೆಯ ಮೇಲಿನ ದೀಪ ಹತ್ತಿಕೊಂಡಿತು. ಬೆಳ್ಳಿ ಮುಖ ಝಗ್ಗೆಂದಿತು. ಉರುಮೆಯವರು ಅಭ್ಯಾಸಬಲದಿಂದ ಬಡಿದೇ ಬಿಟ್ಟರು. ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಎದ್ದು ಬಂದು ಅಡ್ಡಬಿದ್ದರು.

ಹೆಗಲು ಖಾಲಿಯಾದದ್ದೇ ತಡ, ಗಂಗಾಧರಪ್ಪ ಮಾವ ಕೆನ್ನೆ ಹಿಡಿದುಕೊಂಡು ಕೆಳಗೆ ಕೂತ. "ಅಯ್ಯಪ್ಪಾ, ನನ್ ದವಡೆ," ಅಂದು ಮಗುವಿನ ಹಾಗೆ ಅತ್ತ.

ಆಗ ಎಲ್ಲರಿಗೂ ಅರ್ಥವಾಯಿತು, ಒಬ್ಬೊಬ್ಬರಿಗೆ ಒಂದೊಂದು ಥರ. ಬಿಡ್ರಿ, ಹುಡುಗಿ ಹಲ್ಲಿನ ಡಾಕ್ಟರಾಗ್ಲಿ ಅಂತ ಅಮ್ಮ ತೋರ್ಸವ್ಳೆ ಅಂದರು ಊರವರು. ಅಪ್ಪ ಬಿಡಲಿಲ್ಲ. "ಅಮ್ಮ ಬಂದಿರೋದು ಇವನ ನೋವಿಗೆ. ನಮ್ ಹುಡುಗಿ ಪ್ರಶ್ನೆ ಹಂಗೇ ಐತೆ," ಅಂದ. ತಾತ ಯೋಚಿಸಿ, ಅದೂ ಸರಿಯೇ, ಒಂದು ನಡೆಗೆ ಒಂದೇ ಉತ್ತರ, ಹುಡುಗಿಯದನ್ನು ಮತ್ತೆ ಕೇಳಬೇಕು ಅಂದ. ನನಗೆ ಇಬ್ಬರನ್ನೂ ಕುರ್ಚಿಗೆ ಕಟ್ಟಿಹಾಕುವಷ್ಟು ಸಿಟ್ಟು ಬಂತು.

ಡಾಕ್ಟರ್ ಮಾವನನ್ನು ಗೋಡೆ ಪಕ್ಕದ ಸ್ಟೀಲ್ ಬೆಂಚಿನ ಮೇಲೆ ಕೂರಿಸಿದರು. ದೀಪ ಅಮ್ಮನ ಮೇಲಿತ್ತು, ಅದನ್ನು ತಿರುಗಿಸಲು ತಾತ ಬಿಡಲಿಲ್ಲ. ಸುಮಾ ಕೈಮುಗಿದು ನಿಂತವಳು ಅಲುಗಲಿಲ್ಲ. ಡಾಕ್ಟರ್ ಸುತ್ತ ನೋಡಿ ನನ್ನನ್ನು ಕರೆದರು. "ಬಾ ಇಲ್ಲಿ, ಮೊಬೈಲ್ ಟಾರ್ಚ್ ಹಿಡಿ. ರಕ್ತ ನೋಡಿದ್ರೆ ತಲೆ ಸುತ್ತುತ್ತಾ?"

"ಇಲ್ಲ ಮೇಡಂ. ಕೆಳಗಿನ ಕಡೇ ದವಡೆ, ಬಲಗಡೆ," ಅಂದೆ.

ಅವರು ನನ್ನನ್ನು ಒಮ್ಮೆ ನೋಡಿದರು. ಹಲ್ಲು ಬುಡದಿಂದಲೇ ಅಲುಗಾಡುತ್ತಿದೆ, ತೆಗೆದರೆ ಮಾತ್ರ ಕೀವು ಇಳಿಯುತ್ತದೆ ಎಂದು ಹೇಳಿ ಊಟ ಆಗಿದೆಯಾ ಎಂದು ಕೇಳಿದರು. ಉಪವಾಸ ಎಂದು ಗೊತ್ತಾದಾಗ ಚೆನ್ನಾಗಿ ಬೈದರು. ಬಿಸ್ಕತ್ತು ತರಿಸಿ, ಹಾಲಿನಲ್ಲಿ ಅದ್ದಿ, ತಿನ್ನುವ ತನಕ ಸೂಜಿ ಮುಟ್ಟುವುದಿಲ್ಲ ಎಂದು ನಿಂತರು. ಮಾವ ಅಮ್ಮನ ಕಡೆ ನೋಡಿ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಳ್ಳಲು ಹೋಗಿ, ನೋವು ನೆನಪಾಗಿ, ಬರೀ ಎಡಗೆನ್ನೆ ಬಡಿದುಕೊಂಡು ತಿಂದ.

ಹಲ್ಲು ಕೀಳುವಾಗ ಮಾವ ನನ್ನ ಎಡಗೈ ಹಿಡಿದುಕೊಂಡ. ಊರಲ್ಲಿ ಅವನ ಗಂಟಲಿಗೆ ಹೆದರದ ನಾಯಿಯಿಲ್ಲ. ಆ ಮನುಷ್ಯ ನನ್ನ ಬೆರಳುಗಳನ್ನು ಹಿಂಡುತ್ತಿದ್ದ, ಕಣ್ಣು ನನ್ನನ್ನೇ ನೋಡುತ್ತಿತ್ತು. ಕುರಿ ಹಾಗೆ ನೋಡುವುದಿಲ್ಲ. ಕುರಿ ಎತ್ತಲೋ ನೋಡುತ್ತದೆ. ಈತ ನನ್ನನ್ನು ನಂಬಿಕೊಂಡು ನೋಡುತ್ತಿದ್ದ, ನನಗೋ ಟಾರ್ಚ್ ಹಿಡಿಯುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಮೊದಲ ಸಲ ನನಗೆ ಭಯವಾಯಿತು. ಹಲ್ಲು ಬಂತು, ಹತ್ತಿ ಕೆಂಪಾಯಿತು, ಮಾವ ಹತ್ತಿ ಕಚ್ಚಿಕೊಂಡು ಕಣ್ಣು ಮುಚ್ಚಿದ.

"ಆಯ್ತಲ್ಲ, ಇನ್ನು ನನ್ನ ಚೇರ್ ಖಾಲಿ ಮಾಡ್ರಿ. ಪೇಷೆಂಟ್ಸ್ ಕಾಯ್ತಾ ಅವ್ರೆ," ಅಂದರು ಡಾಕ್ಟರ್.

ಖಾಲಿ ಮಾಡಲು ಹೊರುವವರಿಲ್ಲ. ಮಾವನ ಉಪವಾಸ ಬಿಸ್ಕತ್ತಿಗೆ ಮುರಿದಿತ್ತು. ಊರವರೆಲ್ಲ ಮಂಡಕ್ಕಿ ತಿಂದವರು. ತಾತನ ಕೈಯಲ್ಲಿ ಪೊಟ್ಟಣ ಇನ್ನೂ ಇತ್ತು. ಇಡೀ ಆಸ್ಪತ್ರೆಯಲ್ಲಿ ಹೊಟ್ಟೆ ಖಾಲಿ ಇದ್ದವರು ಇಬ್ಬರೇ, ಅಪ್ಪ ಮತ್ತು ನಾನು.

"ಹೆಣ್ಣುಮಗು ಅಡ್ಡೆಗೆ ಹೆಗಲು ಕೊಟ್ಟಿದ್ದು ಎಲ್ಲೂ ಇಲ್ಲ," ಅಂದ ತಾತ.

"ಬಸ್ಸಿನಾಗೆ ಅಮ್ಮನ್ನ ಹೆಂಗಸು ಅಂತ ಕರ್ಕಂಡ್ ಬಂದ್ವಲ್ಲ, ಈಗೇನು?" ಅಂದಳು ಅಜ್ಜಿ. "ಬಾರೇ ರೋಜಾ, ಹಿಡಿ."

ನಾನು ಮುಂದಿನ ಮರಗಳ ನಡುವೆ ಹೋಗಿ ಹೆಗಲು ಕೊಟ್ಟೆ. ಹಿಂದೆ ಅಪ್ಪ. ಎತ್ತಿದಾಗ ಭುಜ ಕಿತ್ತುಬರುತ್ತದೇನೋ ಅನ್ನಿಸಿತು. ಕುರ್ಚಿ ಬಿಟ್ಟು ಸ್ವಲ್ಪ ಈಚೆ ಬಂದು, ಅದರ ಕಡೆ ತಿರುಗಿ ನಿಂತೆವು. ಎದುರಿಗೆ ಆ ಹಸಿರು ಕುರ್ಚಿ, ಬೆನ್ನ ಹಿಂದೆ ಅಪ್ಪ, ಅಪ್ಪನ ಹಿಂದೆ ಬಾಗಿಲು. ತಾತ ಮಂಡಕ್ಕಿ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈಮುಗಿದ.

"ತಾಯಿ, ಕೊನೇ ಸಲ ಕೇಳ್ತೀನಿ. ಹುಡುಗಿ ಬಯಾಲಜಿ ಓದ್ಲಾ, ಬ್ಯಾಡ್ವಾ?"

ಒಂದು ಹೆಜ್ಜೆ ಮುಂದಿಟ್ಟರೆ ಸಾಕು. ಬೆಳಗಿನಿಂದ, ಅಲ್ಲ, ವರ್ಷಗಳಿಂದ ನಾನು ಕಾದದ್ದು ಆ ಒಂದು ಹೆಜ್ಜೆಗೆ. ಈಗ ಅಮ್ಮನ ಮೂಗುದಾರ ನನ್ನ ಕೈಯಲ್ಲೇ ಇತ್ತು. ಆದರೆ ಕಾಲು ಏಳಲಿಲ್ಲ. ಬೆಂಚಿನ ಮೇಲೆ ಮಾವ ಹತ್ತಿ ಕಚ್ಚಿಕೊಂಡು ಕೂತಿದ್ದ, ಅವನು ಹಿಂಡಿದ ಗುರುತು ನನ್ನ ಕೈಯಲ್ಲಿ ಇನ್ನೂ ಇತ್ತು. ನಾನು ಯಾರ ಬಾಯಿಗಾದರೂ ಕೈ ಹಾಕಿ ತಪ್ಪು ಮಾಡಿದರೆ? ನೀಟ್ ಆಗದಿದ್ದರೆ? ಮೌಸ್ ಯಾರನ್ನೂ ಹಾಗೆ ನಂಬಿಕೊಂಡು ನೋಡುವುದಿಲ್ಲ. ಅಪ್ಪ ಹೇಳಿದ್ದೇ ಸರಿಯಿರಬಹುದು ಅನ್ನಿಸಿತು. ಅಳು ಬಂತು. ಹಿಂದಕ್ಕೆ ಎಳೆದುಕೊಳ್ಳಪ್ಪ, ಮುಗಿಸಿಬಿಡು ಎಂದು ಮನಸ್ಸಿನಲ್ಲೇ ಅಂದುಕೊಂಡು ಕಾದೆ.

ಅಡ್ಡೆ ನಿಂತಲ್ಲೇ ನಿಂತಿತ್ತು.

ಆಮೇಲೆ ಹಿಂದಿನಿಂದ ಮರ ನನ್ನ ಭುಜವನ್ನು ಒತ್ತಿತು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ನಾನು ಮುಗ್ಗರಿಸಿ ಒಂದು ಹೆಜ್ಜೆ ಮುಂದಿಟ್ಟೆ, ಇನ್ನೊಂದು, ಮತ್ತೊಂದು. ಕುರ್ಚಿಗೆ ಮಂಡಿ ತಾಗಿತು. ಉರುಮೆ ಬಡಿದರು, ಅಜ್ಜಿ ನೆಟಿಕೆ ಮುರಿದಳು, ಸುಮಾ ಕೂಡ ಕೈ ಎತ್ತಿ ಮುಗಿದಳು. ನಾನು ಕತ್ತು ತಿರುಗಿಸಿ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವನ ಹಿಮ್ಮಡಿ ಮೇಲೆದ್ದಿತ್ತು, ಕಾಲ್ಬೆರಳುಗಳು ಟೈಲ್ಸಿಗೆ ಊರಿಕೊಂಡಿದ್ದವು.

ಬುಧವಾರ ಬೆಳಿಗ್ಗೆ ಕಾಲೇಜಿನಲ್ಲಿ ಪಿಸಿಎಂಬಿಗೆ ಹೆಸರು ಬರೆಸಿದೆವು. ರಸೀದಿ ಕೊಡುವುದು ತಡವಾಗುತ್ತದೆ ಅಂದರು. ಹೊಂಗೆ ಮರದ ಕೆಳಗಿನ ಕಟ್ಟೆಯ ಮೇಲೆ ಅಪ್ಪ ಕೂತ, ನಾನು ಎದುರಿಗೆ ನಿಂತೆ.

"ನಿನ್ನೆ ತಳ್ಳಿದ್ದು ನೀನು ತಾನೇ?"

"ಹೊರೋರು ತಳ್ಳಲ್ಲ ಕಣೇ. ಅಮ್ಮ ಹೋಗ್ತಾಳೆ, ನಾವು ಹೋಗ್ತೀವಿ."

"ಸುಳ್ಳು ಹೇಳ್ಬೇಡ."

ಅಪ್ಪ ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಸಿಲಿಗೆ ಮುಖ ಮಾಡಿ ನನ್ನೆದುರು ಬಾಯಿ ತೆರೆದ. ನಾನು ಹಿಂದೆಂದೂ ಅಪ್ಪನ ಬಾಯಿ ನೋಡಿರಲಿಲ್ಲ. ಗದ್ದ ಹಿಡಿದು ತುಟಿ ಬಿಡಿಸಿದೆ. ಬಲಗಡೆ ಹಿಂದೆ ಎರಡು ಹಲ್ಲು ಕರ್ರಗೆ ಟೊಳ್ಳಾಗಿದ್ದವು, ಒಸಡು ಕೆಂಪಾಗಿ ಊದಿತ್ತು. ಎಷ್ಟು ದಿನದಿಂದ ಇದನ್ನು ಇಟ್ಟುಕೊಂಡಿದ್ದನೋ. ನನ್ನ ಕಣ್ಣಲ್ಲಿ ನೀರು ಬಂತು.

"ಏನ್ ಮಾಡ್ಬೇಕು ಇದಕ್ಕೆ?" ಅಂದ.

"ನಂಗೇನ್ ಗೊತ್ತಪ್ಪ, ಇನ್ನೂ ಓದಿಲ್ವಲ್ಲ. ನಡಿ, ಈಗ್ಲೇ ಶೋಭಾರಾಣಿ ಮೇಡಂ ಹತ್ರ ಹೋಗಾಣ."

"ಬ್ಯಾಡ," ಅಂದ ಅಪ್ಪ. "ನೀನು ಓದು. ಅಲ್ಲೀತನಕ ಎಡಗಡೇಲಿ ಅಗೀತೀನಿ."